ಕಾನೆಸ್ಟೋಗ ನೌಕೆಯ ವೃತ್ತಾಂತ

ಯುದ್ಧನೌಕೆಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಮಹಾನೌಕೆಗಳನ್ನೇ ವರ್ಣಿಸಿರುವರು. ಯಾವ ಹಡಗು ಎಷ್ಟು ತೋಪುಗಳನ್ನು ಹೊತ್ತಿದ್ದಿತು, ಯಾವ ಕದನದಲ್ಲಿ ಎಷ್ಟು ಶತ್ರುನೌಕೆಗಳನ್ನು ಮುಳುಗಿಸಿತು, ಯಾವ ನೌಕಾಧಿಪತಿಯು ಅದರ ಮೇಲೆ ನಿಂತು ಆಜ್ಞೆಮಾಡಿದನು ಎಂಬ ವಿಷಯಗಳೇ ಆ ಗ್ರಂಥಗಳಲ್ಲಿ ತುಂಬಿರುತ್ತವೆ. ಆದರೆ ದಂಡು ನಡೆಯಬೇಕಾದರೆ ಆನೆ ಕುದುರೆಗಳಂತೆಯೇ ಹೇರೆತ್ತುಗಳೂ ಬೇಕು. ಹೇರೆತ್ತಿಗೆ ವೀರಗಲ್ಲನ್ನು ನೆಟ್ಟವರು ಮಾತ್ರ ವಿರಳ. ಸಮುದ್ರದಲ್ಲಿ ಈ ಹೇರೆತ್ತಿನ ಸ್ಥಾನದಲ್ಲಿರತಕ್ಕ ನಾವೆಗೆ ಟಗ್ ಎಂದು ಹೆಸರು. ಅಂತಹ ಒಂದು ಟಗ್ಗು ವ್ಯಾಪಾರಿಗಳ ಸೇವೆಯಲ್ಲಿ ಹುಟ್ಟಿ, ಮಹಾಯುದ್ಧದ ನಿಮಿತ್ತದಿಂದ ನೌಕಾದಳವನ್ನು ಸೇರಿ, ಐವತ್ತಾರು ಮಂದಿಯೊಡನೆ ಕಾಣೆಯಾಗಿ, ತೊಂಬತ್ತೈದು ವರ್ಷಗಳ ತರುವಾಯ ಎಲ್ಲಿರುವುದೆಂದು ತಿಳಿದುಬಂದ ವೃತ್ತಾಂತವು ಅಮೆರಿಕ ಸಂಯುಕ್ತ ಸಂಸ್ಥಾನಗಳ ನೌಕಾಚರಿತ್ರೆಯಲ್ಲಿ ಉಂಟು. ಆ ನೌಕೆಯ ಹೆಸರು ಕಾನೆಸ್ಟೋಗ.

ಟಗ್ ಎಂಬುದು ಗಾತ್ರದಲ್ಲಿ ಚಿಕ್ಕದಾಗಿಯೂ ಯಂತ್ರಬಲದಲ್ಲಿ ದೊಡ್ಡದಾಗಿಯೂ ಇರತಕ್ಕ ನಾವೆ. ತಾನು ಸರಕನ್ನು ಹೊರುವುದು ಅದರ ಕೆಲಸವಲ್ಲ. ಬಲವಾದ ಹಗ್ಗದಿಂದ ಇತರ ನೌಕೆಗಳನ್ನು ಕಟ್ಟಿ ಎಳೆಯುವುದೇ ಅದರ ವೃತ್ತಿ. ಬಂದರಿನ ಒಳಗೆ ದೊಡ್ಡ ಹಡಗುಗಳನ್ನು ತಿರುಗಿಸಿ ಕಟ್ಟೆಗೆ ಸೇರಿಸುವ ಸಣ್ಣ ಟಗ್ಗುಗಳು ಒಂದು ಬಗೆ. ಬಾರ್ಜ್ ಎಂದು ಕರೆಯಲ್ಪಡುವ, ಸ್ವಂತ ಯಂತ್ರವಿಲ್ಲದ ಸರಕುದೋಣಿಗಳನ್ನು ಒಂದರ ಹಿಂದೊಂದಾಗಿ ಕಟ್ಟಿಕೊಂಡು ತೆರೆದ ಸಮುದ್ರದಲ್ಲಿ ನೂರಾರು ಮೈಲಿ ಎಳೆಯುವ ಸಾಗರದ ಟಗ್ಗುಗಳು ಮತ್ತೊಂದು ಬಗೆ. ಕಾನೆಸ್ಟೋಗವು ಈ ಎರಡನೆಯ ವರ್ಗಕ್ಕೆ ಸೇರಿದ್ದಿತು.

ಅದು ೧೯೦೪ನೆಯ ಇಸವಿಯಲ್ಲಿ ಮೇರಿಲೆಂಡ್ ಸಂಸ್ಥಾನದ ಬಾಲ್ಟಿಮೋರ್ ನಗರಕ್ಕೆ ಸಮೀಪವಾದ ಸ್ಪ್ಯಾರೋಸ್ ಪಾಯಿಂಟ್ ಎಂಬಲ್ಲಿ, ಮೇರಿಲೆಂಡ್ ಸ್ಟೀಲ್ ಕಂಪೆನಿಯವರ ಕಾರ್ಖಾನೆಯಲ್ಲಿ ನಿರ್ಮಿತವಾಯಿತು. ಉದ್ದವು ಸುಮಾರು ೧೭೦ ಅಡಿ, ಅಗಲವು ೨೯ ಅಡಿ, ಭಾರವು ೬೧೭ ಟನ್ನು. ಅದನ್ನು ಕಟ್ಟಿಸಿದವರು ಫಿಲಡೆಲ್ಫಿಯ ಅಂಡ್ ರೆಡಿಂಗ್ ರೈಲ್ವೆ ಕಂಪೆನಿಯವರು. ರೈಲು ಕಂಪೆನಿಗೆ ಹಡಗು ಏತಕ್ಕೆ ಎಂದು ವಾಚಕರಿಗೆ ತೋರಬಹುದು. ಪೆನ್ಸಿಲ್ವೇನಿಯ ಸಂಸ್ಥಾನದ ಬೆಟ್ಟಗಳಲ್ಲಿ ಆಂಥ್ರಸೈಟ್ ಎಂಬ ಗಟ್ಟಿಯಾದ, ಹೊಗೆ ಕಡಿಮೆಯಾದ ಕಲ್ಲಿದ್ದಲು ಯಥೇಚ್ಛವಾಗಿ ದೊರೆಯುತ್ತಿದ್ದಿತು. ಅದನ್ನು ಗಣಿಗಳಿಂದ ಫಿಲಡೆಲ್ಫಿಯ ಬಂದರಿನವರೆಗೆ ಈ ಕಂಪೆನಿಯ ರೈಲುಗಳೇ ತರುತ್ತಿದ್ದವು. ಆದರೆ ಅದನ್ನು ಉರಿಸತಕ್ಕ ಜನರಲ್ಲಿ ಬಹುಮಂದಿ ಈಶಾನ್ಯದ ಶೀತಪ್ರಾಂತವಾದ ನ್ಯೂ ಇಂಗ್ಲೆಂಡಿನಲ್ಲಿದ್ದರು. ಅಲ್ಲಿಗೆ ಕಲ್ಲಿದ್ದಲನ್ನು ಬಾರ್ಜುಗಳಲ್ಲಿ ತುಂಬಿ ಕರಾವಳಿಯನ್ನನುಸರಿಸಿ ಎಳೆದೊಯ್ಯುವುದು ಮಿತವ್ಯಯದ ಮಾರ್ಗವಾಗಿದ್ದಿತು. ಹೀಗೆ ಗಣಿಯಿಂದ ಒಲೆಯವರೆಗಿನ ದಾರಿಯಲ್ಲಿ ಕಡೆಯ ಭಾಗವನ್ನು ಸಾಗಿಸಿದ ಹಡಗುಗಳಲ್ಲಿ ಕಾನೆಸ್ಟೋಗವೂ ಒಂದು.

ಅದರ ಹೆಸರೂ ಈ ವೃತ್ತಿಗೆ ಅನುಗುಣವಾಗಿಯೇ ಇದ್ದಿತು. ಕಾನೆಸ್ಟೋಗ ಎಂಬುದು ಪೆನ್ಸಿಲ್ವೇನಿಯದ ಒಂದು ನದಿಯ ಮತ್ತು ಅದರ ಕಣಿವೆಯ ಹೆಸರು. ರೈಲುದಾರಿಗಳು ಬರುವುದಕ್ಕೆ ಮುಂಚೆ, ಹದಿನೆಂಟನೆಯ ಶತಮಾನದಲ್ಲಿ, ಆ ಪ್ರಾಂತದ ಬಡಗಿಗಳು ಕಮಾನಿನ ಮೇಲೆ ಬಿಳಿಯ ಬಟ್ಟೆಯನ್ನು ಹೊದಿಸಿದ ಭಾರಿ ಸರಕುಬಂಡಿಗಳನ್ನು ಮಾಡುತ್ತಿದ್ದರು. ಹಲವು ಕುದುರೆಗಳನ್ನು ಹೂಡಿ ನಡೆಸತಕ್ಕ ಆ ಬಂಡಿಗೂ ಕಾನೆಸ್ಟೋಗ ಎಂದೇ ಹೆಸರು. ಅಮೆರಿಕದ ನೌಕಾದಳಕ್ಕೂ ಈ ಹೆಸರು ಹೊಸದಲ್ಲ. ೧೮೫೯ರಲ್ಲಿ ಪೆನ್ಸಿಲ್ವೇನಿಯದ ಬ್ರೌನ್ಸ್‌ವಿಲ್ ಎಂಬಲ್ಲಿ ನದಿಯ ಮೇಲೆ ನಾವೆಗಳನ್ನೆಳೆಯುವುದಕ್ಕಾಗಿ ಕಟ್ಟಿದ ಒಂದು ಚಕ್ರನೌಕೆಗೆ ಇದೇ ಹೆಸರಿದ್ದು, ಅಲ್ಲಿನ ಅಂತರ್ಯುದ್ಧದ ಕಾಲದಲ್ಲಿ, ೧೮೬೧ರಲ್ಲಿ, ಸರ್ಕಾರದವರು ಅದನ್ನು ಕೊಂಡು ದಪ್ಪ ಮರದ ಕವಚವನ್ನು ತೊಡಿಸಿ ತೋಪಿನ ದೋಣಿಯನ್ನಾಗಿ ಮಾಡಿದ್ದರು. ೧೮೬೪ನೆಯ ಮಾರ್ಚ್ ತಿಂಗಳಿನಲ್ಲಿ ಅದು ಮಿಸಿಸಿಪ್ಪಿ ನದಿಯಲ್ಲಿ ತನ್ನ ಪಕ್ಷದ್ದೇ ಆದ ಮತ್ತೊಂದು ನೌಕೆಗೆ ತಾಗಿ ಮುಳುಗಿಹೋಯಿತು. ಎರಡು ಕಾನೆಸ್ಟೋಗಗಳೂ ಎಳೆಯುವ ವೃತ್ತಿಯಲ್ಲಿ ಹುಟ್ಟಿ, ಯುದ್ಧದ ದೆಸೆಯಿಂದ ನೌಕಾದಳಕ್ಕೆ ಬಂದು, ಮಾರ್ಚ್ ತಿಂಗಳಿನಲ್ಲಿಯೇ ನೀರಿನ ಪಾಲಾದುದು ಕಾಕತಾಳೀಯವೇ ಹೊರತು ಬೇರೆಯಲ್ಲ.

ಪ್ರಕೃತ ಕಾನೆಸ್ಟೋಗವು ಹದಿಮೂರು ವರ್ಷಗಳ ಕಾಲ ವ್ಯಾಪಾರಸೇವೆಯಲ್ಲಿದ್ದಿತು. ಅಷ್ಟರಲ್ಲಿ ಯೂರೋಪಿನ ಮಹಾಯುದ್ಧವು ಅಮೆರಿಕವನ್ನೂ ಆವರಿಸಿತು. ೧೯೧೭ನೆಯ ಫೆಬ್ರವರಿ ೧ರಿಂದ ಜರ್ಮನಿಯು ತನ್ನ ಜಲಾಂತರ್ಗಾಮಿಗಳಿಗೆ ಯಾವ ಪಕ್ಷದ ವ್ಯಾಪಾರನೌಕೆಯನ್ನಾದರೂ ಎಚ್ಚರಿಕೆ ಕೊಡದೆ ಮುಳುಗಿಸಲು ಅಪ್ಪಣೆಯನ್ನಿತ್ತಿತು. ಏಪ್ರಿಲ್ ೬ರಂದು ಅಮೆರಿಕವು ಜರ್ಮನಿಯ ಮೇಲೆ ಯುದ್ಧವನ್ನು ಸಾರಿತು. ಸೈನ್ಯವನ್ನೂ ಸಾಮಗ್ರಿಯನ್ನೂ ಅಟ್ಲಾಂಟಿಕ್ ಸಾಗರದ ಆಚೆಗೆ ದಾಟಿಸಬೇಕಾಗಿದ್ದಿತು. ಅದಕ್ಕೆ ಬೇಕಾದಷ್ಟು ನೌಕೆಗಳು ನೌಕಾದಳದಲ್ಲಿರಲಿಲ್ಲ. ಹೊಸದನ್ನು ಕಟ್ಟುವುದಕ್ಕೆ ಕಾಲಾವಕಾಶವಿರಲಿಲ್ಲ. ಆದಕಾರಣ ಸರ್ಕಾರದವರು ಸಿರಿವಂತರ ವಿಹಾರನೌಕೆಗಳು, ಮೀನುಗಾರರ ಹಡಗುಗಳು, ಕಂಪೆನಿಗಳ ಟಗ್ಗುಗಳು ಇವುಗಳನ್ನೆಲ್ಲ ಕೊಂಡೋ ಬಾಡಿಗೆಗೆ ಪಡೆದೋ ಯುದ್ಧಕಾರ್ಯದಲ್ಲಿ ತೊಡಗಿಸಿದರು.

ಕಾನೆಸ್ಟೋಗವನ್ನು ೧೯೧೭ನೆಯ ಸೆಪ್ಟೆಂಬರ್ ೧೪ರಂದು ಕೊಂಡು, ಅದೇ ವರ್ಷದ ನವೆಂಬರ್ ೧೦ರಂದು ವಿಧ್ಯುಕ್ತವಾಗಿ ನೌಕಾದಳಕ್ಕೆ ಸೇರಿಸಿಕೊಂಡರು. ಎರಡು ತಿಂಗಳಿಗೂ ಕಡಿಮೆಯಾದ ಅವಧಿಯಲ್ಲಿ ಕಲ್ಲಿದ್ದಲಿನ ಬಾರ್ಜುಗಳನ್ನೆಳೆಯುತ್ತಿದ್ದ ಹಡಗು ಸಮರನಾವೆಯೆಂಬ ಪದವಿಗೆ ಬಂದಿತು. ಶರೀರವು ಅದೇ, ಯಂತ್ರವು ಅದೇ. ಸಂಖ್ಯೆ, ಧ್ವಜ ಮತ್ತು ಆಜ್ಞೆಮಾಡುವವರು ಮಾತ್ರ ಬೇರೆ. ಇಂತಹ ಮಾರ್ಪಾಟು ಒಂದೇ ಪಕ್ಷದಲ್ಲಿ ನಡೆದುದಲ್ಲ. ಜರ್ಮನಿಯವರು ಸರಕನ್ನು ಸಾಗಿಸುವುದಕ್ಕಾಗಿ ಡಾಯ್ಚ್‌ಲಾಂಡ್ ಎಂಬ ವ್ಯಾಪಾರೀ ಜಲಾಂತರ್ಗಾಮಿಯನ್ನು ಕಟ್ಟಿದ್ದರು. ಅದು ೧೯೧೬ನೆಯ ಜುಲೈ ತಿಂಗಳಿನಲ್ಲಿ, ಅಮೆರಿಕವು ಇನ್ನೂ ತಟಸ್ಥವಾಗಿದ್ದಾಗ, ಬಣ್ಣದ ದ್ರವ್ಯಗಳನ್ನು ಹೊತ್ತು ಬಾಲ್ಟಿಮೋರ್ ಬಂದರಿಗೇ ಬಂದಿದ್ದಿತು. ಮರುವರ್ಷ ಅದಕ್ಕೂ ಆಯುಧಗಳನ್ನು ತೊಡಿಸಿ ಯು-೧೫೫ ಎಂಬ ಸಂಖ್ಯೆಯನ್ನು ಕೊಟ್ಟರು. ೧೯೧೭ನೆಯ ಜುಲೈ ೪ರಂದು ಅದು ಅಟ್ಲಾಂಟಿಕ್ ಸಾಗರದ ನಡುವೆ ಪೋರ್ಚುಗಲ್ಲಿಗೆ ಸೇರಿದ ಅಜೋರ್ಸ್ ದ್ವೀಪಗಳ ಪೋಂಟಾ ಡೆಲ್ಗಾಡ ಎಂಬ ಪಟ್ಟಣದ ಮೇಲೆ ಗುಂಡುಹಾರಿಸಿತು. ಹೀಗೆ ಬಾಲ್ಟಿಮೋರ್ ಬಂದರಿಗೆ ವ್ಯಾಪಾರಕ್ಕೆಂದು ಬಂದ ನೌಕೆಯು ಒಂದು ಪಕ್ಷದಲ್ಲಿಯೂ, ಅದೇ ಬಂದರಿನ ಹತ್ತಿರ ಹುಟ್ಟಿದ ನೌಕೆಯು ಎದುರುಪಕ್ಷದಲ್ಲಿಯೂ ಆಯುಧವನ್ನು ಧರಿಸಿದವು.

ಆ ಅಜೋರ್ಸ್ ದ್ವೀಪಗಳಲ್ಲಿಯೇ ಅಮೆರಿಕದವರು ಹದಿಮೂರನೆಯ ಸಂಖ್ಯೆಯ ನೌಕಾನೆಲೆಯನ್ನು ಸ್ಥಾಪಿಸಿದರು. ಕಾನೆಸ್ಟೋಗವು ಮೊದಲಿಗೆ ಅಮೆರಿಕದ ಪೂರ್ವ ಕರಾವಳಿಯಲ್ಲಿ ನಾವೆಗಳನ್ನು ಎಳೆಯುತ್ತಲೂ, ತೋಪುಗಳನ್ನೂ ಸಾಮಗ್ರಿಗಳನ್ನೂ ಸಾಗಿಸುತ್ತಲೂ ಇದ್ದಿತು. ಬರ್ಮುಡ ಮತ್ತು ಅಜೋರ್ಸ್ ದ್ವೀಪಗಳಿಗೆ ಹೋಗುವ ಹಡಗುಸಾಲುಗಳಿಗೆ ಬೆಂಗಾವಲಾಗಿಯೂ ನಡೆಯಿತು. ಯುದ್ಧವು ಕಡೆಗಾಣುವ ಹೊತ್ತಿಗೆ ಅದು ಅಜೋರ್ಸ್ ನೆಲೆಯಲ್ಲಿದ್ದು, ಕೆಟ್ಟುನಿಂತ ಹಡಗುಗಳನ್ನು ನಡುಕಡಲಿನಿಂದ ಬಂದರಿಗೆ ಎಳೆದು ತರುವ ಕಾರ್ಯದಲ್ಲಿ ನಿಯುಕ್ತವಾಗಿದ್ದಿತು. ಇದು ಶ್ಲಾಘನೆಯನ್ನು ತರುವ ಕಾರ್ಯವಲ್ಲ. ಆದರೆ ಯಂತ್ರವು ನಿಂತುಹೋಗಿ ಅಲೆಗಳ ಮಧ್ಯದಲ್ಲಿ ದಿಕ್ಕುಗೆಟ್ಟಿರುವ ನಾವಿಕರಿಗೆ ಟಗ್ಗಿನ ಹೊಗೆಯು ಕಂಡರೆ ಅದಕ್ಕಿಂತ ಹೆಚ್ಚಿನ ಶುಭಶಕುನವು ಮತ್ತಾವುದಿದ್ದೀತು? ೧೯೧೮ನೆಯ ನವೆಂಬರಿನಲ್ಲಿ ಯುದ್ಧವು ನಿಂತ ಮೇಲೆಯೂ ಈ ಕೆಲಸವು ನಿಲ್ಲಲಿಲ್ಲ. ಕಾನೆಸ್ಟೋಗವು ನ್ಯೂಯಾರ್ಕಿಗೆ ಮರಳಿದುದು ೧೯೧೯ನೆಯ ಸೆಪ್ಟೆಂಬರ್ ೨೬ರಂದು.

ಯುದ್ಧಕ್ಕಾಗಿ ತೆಗೆದುಕೊಂಡ ನಾವೆಗಳಲ್ಲಿ ಅನೇಕವು ತರುವಾಯ ಮಾರಲ್ಪಟ್ಟವು. ಕಾನೆಸ್ಟೋಗವನ್ನು ಮಾತ್ರ ನೌಕಾದಳದವರು ಉಳಿಸಿಕೊಂಡು ವರ್ಜೀನಿಯದ ನಾರ್ಫೋಕ್ ಬಂದರಿನ ಕೆಲಸಕ್ಕೆ ಇಟ್ಟರು. ೧೯೨೦ರಲ್ಲಿ ಅದಕ್ಕೆ ಎಟಿ-೫೪ ಎಂಬ ಹೊಸ ಸಂಖ್ಯೆಯು ಬಂದಿತು. ಅದೇ ವರ್ಷ ಪೆಸಿಫಿಕ್ ಮಹಾಸಾಗರದ ದಕ್ಷಿಣಭಾಗದಲ್ಲಿರುವ ಸಮೋವ ದ್ವೀಪಗಳ ಪೈಕಿ ಟುಟುವಿಲ ಎಂಬ ದ್ವೀಪಕ್ಕೆ ಹೋಗಿ ಅಲ್ಲಿಯ ಠಾಣೆಯ ನೌಕೆಯಾಗಿರಬೇಕೆಂದು ಅಪ್ಪಣೆಯಾಯಿತು. ಆ ದ್ವೀಪವು ೧೯೦೦ರಿಂದ ಅಮೆರಿಕದ ಅಧೀನದಲ್ಲಿದ್ದು, ಅದರ ಆಡಳಿತವು ಆ ಕಾಲದಲ್ಲಿ ನೌಕಾದಳದವರ ಕೈಯಲ್ಲಿಯೇ ಇದ್ದಿತು. ನಾರ್ಫೋಕಿನಲ್ಲಿ ಬೇಕಾದ ಮಾರ್ಪಾಟುಗಳನ್ನು ಮಾಡಿಕೊಂಡು, ೧೯೨೦ನೆಯ ನವೆಂಬರ್ ೧೮ರಂದು ಹೊರಟ ಕಾನೆಸ್ಟೋಗವು ಪನಾಮ ಕಾಲುವೆಯನ್ನು ದಾಟಿ ೧೯೨೧ನೆಯ ಜನವರಿ ೭ರಂದು ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೋ ಬಂದರನ್ನು ಮುಟ್ಟಿತು. ಅಲ್ಲಿ ಅದರ ಛಾಯಾಚಿತ್ರವನ್ನು ತೆಗೆದರು. ಹೊಗೆಯ ಕೊಳವೆ, ಎರಡು ಸ್ತಂಭಗಳು, ಮುಂಭಾಗದಲ್ಲಿ ಒಂದೇ ಒಂದು ತೋಪು, ಇವು ಆ ಚಿತ್ರದಲ್ಲಿ ಕಾಣುತ್ತವೆ. ಆ ತೋಪು ಮುಂದೆ ಸಾಕ್ಷಿಯಾಗತಕ್ಕುದಾದುದರಿಂದ ವಾಚಕರು ಅದನ್ನು ನೆನಪಿನಲ್ಲಿಡುವುದು ಯುಕ್ತ.

ಫೆಬ್ರವರಿಯಲ್ಲಿ ಅದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಒಳಗಿರುವ ಮೇರ್ ಐಲೆಂಡ್ ಎಂಬ ನೌಕಾಕಾರ್ಖಾನೆಗೆ ಹೋಗಿ ದುರಸ್ತಿಯನ್ನು ಮಾಡಿಸಿಕೊಂಡಿತು. ಮಾರ್ಚ್ ೨೫ರಂದು, ಕ್ರೈಸ್ತರ ಶುಭಶುಕ್ರವಾರದ ದಿನ, ಲೆಫ್ಟಿನೆಂಟ್ ಅರ್ನೆಸ್ಟ್ ಲಾರ್ಕಿನ್ ಜೋನ್ಸ್ ಎಂಬ ಅಧಿಕಾರಿಯ ವಶದಲ್ಲಿ, ಒಟ್ಟು ೫೬ ಮಂದಿಯನ್ನು ಹೊತ್ತು, ಹವಾಯಿ ದ್ವೀಪಗಳ ಪರ್ಲ್ ಹಾರ್ಬರಿಗಾಗಿ ಹೊರಟಿತು. ಅಲ್ಲಿಂದ ಮುಂದೆ ಸಮೋವಕ್ಕೆ ಹೋಗಬೇಕೆಂಬುದು ಏರ್ಪಾಡು. ಕೊಲ್ಲಿಯ ಬಾಗಿಲಾದ ಗೋಲ್ಡನ್ ಗೇಟ್ ಜಲಸಂಧಿಯನ್ನು ಅದು ದಾಟಿತು. ಈಗ ಲೋಕಪ್ರಸಿದ್ಧವಾಗಿರುವ ಸೇತುವೆಯು ಅಲ್ಲಿ ಆಗ ಇರಲಿಲ್ಲ. ಅದು ೧೯೩೭ರಲ್ಲಿ ಸಂಚಾರಕ್ಕೆ ತೆರೆಯಲ್ಪಟ್ಟಿತು. ಹೊರಟ ಹೊತ್ತಿಗೆ ಘಂಟೆಗೆ ೨೩ ಮೈಲಿ ವೇಗದಿಂದ ಬೀಸುತ್ತಿದ್ದ ಗಾಳಿಯು ೪೦ ಮೈಲಿಗೆ ಏರಿ, ಸಮುದ್ರವು ಪ್ರಕ್ಷುಬ್ಧವಾಯಿತೆಂದು ಆ ದಿನದ ಹವಾಮಾನದ ದಾಖಲೆಗಳಲ್ಲಿದೆ. ಆ ಮೇಲೆ ಕಾನೆಸ್ಟೋಗವನ್ನು ಕಂಡವರಿಲ್ಲ.

ಅದರಿಂದ ಬಂದ ಕಡೆಯ ಮಾತು ಒಂದು ಅಸ್ಪಷ್ಟವಾದ ನಿಸ್ತಂತುವಾರ್ತೆ. ಬಿರುಗಾಳಿಯೊಡನೆ ಹೆಣಗುತ್ತಿರುವೆವು, ಎಳೆಯುತ್ತಿದ್ದ ಬಾರ್ಜು ಕಳಚಿಹೋಯಿತು ಎಂಬ ಭಾವವು ಅದರಲ್ಲಿದ್ದಿತೆಂದೂ, ಮತ್ತೊಂದು ಹಡಗು ಅದನ್ನು ಮುಂದಕ್ಕೆ ತಲಪಿಸಿತೆಂದೂ ತಿಳಿದುಬಂದಿರುತ್ತದೆ. ಎಲ್ಲಿಂದ ಎಂಬುದೊಂದೇ ಅದರಲ್ಲಿ ಸ್ಪಷ್ಟವಾಗಲಿಲ್ಲ.

ನಿರೀಕ್ಷಿಸಿದ ದಿನವು ಕಳೆದರೂ ನೌಕೆಯು ಪರ್ಲ್ ಹಾರ್ಬರಿಗೆ ಬಾರದಿರಲು, ನೌಕಾದಳದವರು ಹವಾಯಿ ದ್ವೀಪಗಳ ಸುತ್ತಣ ಸಮುದ್ರವನ್ನು ಹಡಗುಗಳಿಂದಲೂ ವಿಮಾನಗಳಿಂದಲೂ ಶೋಧಿಸಿದರು. ೧೯೩೭ರಲ್ಲಿ ಅಮೇಲಿಯ ಇಯರ್‌ಹಾರ್ಟ್ ಎಂಬ ವಿಮಾನಚಾಲಕಿಯು ಪೆಸಿಫಿಕ್ ಸಾಗರದಲ್ಲಿ ಕಾಣೆಯಾದಾಗ ನಡೆದ ಶೋಧನೆಯವರೆಗೆ, ಇಷ್ಟು ದೊಡ್ಡ ಶೋಧನೆಯು ಆ ನೌಕಾದಳದಿಂದ ನಡೆದಿರಲಿಲ್ಲ. ಅದರಲ್ಲಿ ತೊಡಗಿದವರ ಶ್ರಮವು ಎಂತಹುದೆಂಬುದನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಆರ್-೧೪ ಎಂಬ ಜಲಾಂತರ್ಗಾಮಿಯು ಕಾನೆಸ್ಟೋಗವನ್ನು ಹುಡುಕುವುದಕ್ಕಾಗಿ ೧೯೨೧ನೆಯ ಮೇ ತಿಂಗಳಿನಲ್ಲಿ ಪರ್ಲ್ ಹಾರ್ಬರಿನಿಂದ ಹೊರಟಿತು. ಹವಾಯಿಯ ಹೀಲೋ ಪಟ್ಟಣದಿಂದ ಆಗ್ನೇಯಕ್ಕೆ ಸುಮಾರು ನೂರು ಮೈಲಿ ದೂರದಲ್ಲಿ ಅದರ ಇಂಧನವು ಮುಗಿದುಹೋಯಿತು, ನಿಸ್ತಂತುಯಂತ್ರವೂ ಕೆಟ್ಟಿತು, ಇದ್ದ ಆಹಾರವು ಐದು ದಿನಕ್ಕೆ ಸಾಲದು. ಆಗ ಅದರ ಅಧಿಕಾರಿಯಾಗಿದ್ದ ಲೆಫ್ಟಿನೆಂಟ್ ಅಲೆಗ್ಸಾಂಡರ್ ಡೀನ್ ಡಗ್ಲಸ್ ಎಂಬವನೂ ಅವನ ಜೊತೆಗಾರರೂ ನಾವಿಕರು ಮಲಗುವ ಜೋಲಿಗಳನ್ನು ಸೇರಿಸಿ ಹೊಲಿದು, ಮಂಚದ ಕಂಬಿಗಳಿಗೆ ಕಟ್ಟಿ, ಮುಂಭಾಗದ ಯಂತ್ರದ ತೋಳಿಗೆ ಹಾಯಿಯಾಗಿ ಏರಿಸಿದರು. ನಾವೆಯು ಮೆಲ್ಲನೆ ಸರಿಯತೊಡಗಲು, ಕಂಬಳಿಗಳಿಂದ ಎರಡನೆಯ ಮತ್ತು ಮೂರನೆಯ ಹಾಯಿಗಳನ್ನೂ ಮಾಡಿದರು. ನೀರಿನೊಳಗೆ ಸಂಚರಿಸುವುದಕ್ಕಾಗಿ ಕಟ್ಟಿದ ಆ ಉಕ್ಕಿನ ನಾವೆಯು ೬೪ ಘಂಟೆಗಳ ಕಾಲ ಗಾಳಿಯ ಬಲದಿಂದ ನಡೆದು ಮೇ ೧೫ರಂದು ಹೀಲೋ ಬಂದರನ್ನು ಸೇರಿತು. ಅವರನ್ನು ಪ್ರಶಂಸಿಸಿ ಪತ್ರ ಬರೆದ ಮೇಲಧಿಕಾರಿಯು ಚೆಸ್ಟರ್ ನಿಮಿಟ್ಸ್. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ನೌಕಾದಳಕ್ಕೆ ಅಧಿಪತಿಯಾದವನು ಇವನೇ. ಹುಡುಕಲು ಹೋದವರು ಬದುಕಿ ಬಂದರು. ಹುಡುಕಬೇಕಾದವರ ಸುಳಿವು ಮಾತ್ರ ದೊರೆಯಲಿಲ್ಲ.

ಮೇ ೧೭ರಂದು ಸೆನೆಟರ್ ಎಂಬ ಹೊಗೆಹಡಗು ಮೆಕ್ಸಿಕೋ ದೇಶದ ಮಾನ್ಸನಿಯೋ ಬಂದರಿನಿಂದ ಪಶ್ಚಿಮಕ್ಕೆ ಸುಮಾರು ೬೫೦ ಮೈಲಿ ದೂರದಲ್ಲಿ, ಅಲೆಗಳ ಹೊಡೆತದಿಂದ ಜೀರ್ಣವಾದ ಒಂದು ಜೀವರಕ್ಷಕ ದೋಣಿಯನ್ನು ಕಂಡಿತು. ಒಳಗೆ ಯಾರೂ ಇರಲಿಲ್ಲ. ಅದರ ಮೂತಿಯ ಮೇಲೆ ಕಾನೆಸ್ಟೋಗದ ಇಂಗ್ಲಿಷ್ ಹೆಸರಿನ ಮೊದಲನೆಯ ಅಕ್ಷರವಾದ ‘ಸಿ’ ಎಂಬುದೊಂದು ಮಾತ್ರ ಕಾಣುತ್ತಿದ್ದಿತು. ಈ ಅಕ್ಷರವನ್ನೇ ಹಿಡಿದುಕೊಂಡು ಶೋಧನೆಯು ಮೆಕ್ಸಿಕೋವಿನ ಸಮುದ್ರಕ್ಕೆ ತಿರುಗಿತು. ಅಲ್ಲಿಯೂ ಏನೂ ಸಿಕ್ಕಲಿಲ್ಲ. ೧೯೨೧ನೆಯ ಜೂನ್ ೩೦ರಂದು ಕಾನೆಸ್ಟೋಗವೂ ಅದರಲ್ಲಿದ್ದ ಸಮಸ್ತರೂ ನಷ್ಟರಾದರೆಂದು ನೌಕಾದಳದವರು ಘೋಷಿಸಿದರು. ಶಾಂತಿಕಾಲದಲ್ಲಿ ಸುಳಿವಿಲ್ಲದೆ ಕಾಣೆಯಾದ ಅಮೆರಿಕದ ನೌಕಾದಳದ ಹಡಗುಗಳಲ್ಲಿ ಅದೇ ಕಡೆಯದೆಂದು ಗಣಿತವಾಯಿತು.

ಇಲ್ಲಿ ಒಂದು ವಿಚಾರವನ್ನು ವಿಮರ್ಶಿಸುವುದು ಅವಶ್ಯಕ. ಭಾಟ್ಟಮೀಮಾಂಸಕರೂ ಅದ್ವೈತವೇದಾಂತಿಗಳೂ ಅನುಪಲಬ್ಧಿಯೆಂಬುದನ್ನು ಆರನೆಯ ಪ್ರಮಾಣವನ್ನಾಗಿ ಒಪ್ಪಿರುವರು. ನೆಲದ ಮೇಲೆ ಗಡಿಗೆಯು ಕಾಣದಿರುವುದರಿಂದ ಗಡಿಗೆಯು ಅಲ್ಲಿಲ್ಲವೆಂಬ ಜ್ಞಾನವು ಹುಟ್ಟುತ್ತದೆ. ಆದರೆ ಇದಕ್ಕೆ ಯೋಗ್ಯತೆಯೆಂಬ ನಿಬಂಧನೆಯುಂಟು. ಇದ್ದಿದ್ದರೆ ಅವಶ್ಯವಾಗಿ ಕಾಣಿಸುತ್ತಿದ್ದಿತು ಎಂಬ ಸಂದರ್ಭದಲ್ಲಿ ಮಾತ್ರ ಕಾಣದಿರುವಿಕೆಯು ಪ್ರಮಾಣವಾಗುತ್ತದೆ. ಕತ್ತಲೆಯ ಕೋಣೆಯಲ್ಲಿ ಗಡಿಗೆಯು ಕಾಣದಿದ್ದರೆ ಅದರಿಂದ ಏನೂ ನಿರ್ಣಯವಾಗದು. ಹವಾಯಿಯ ಸುತ್ತ ಕಾನೆಸ್ಟೋಗವು ಕಾಣಲಿಲ್ಲವೆಂಬುದರಿಂದ ಅದು ಆ ನೀರಿನ ಮೇಲೆ ತೇಲುತ್ತಿರಲಿಲ್ಲವೆಂಬುದಷ್ಟೇ ಸಿದ್ಧವಾಯಿತು. ಅದು ಹವಾಯಿಯ ಹತ್ತಿರದವರೆಗೆ ಬಂದಿದ್ದಿತೆಂಬುದು ಹೊರಟ ಉದ್ದೇಶದಿಂದ ಮಾಡಿದ ಊಹೆಯಾಗಿದ್ದಿತೇ ಹೊರತು ಯಾರೂ ಕಂಡು ಹೇಳಿದ ಸಂಗತಿಯಾಗಿರಲಿಲ್ಲ. ದೃಷ್ಟವಾದ ಸಂಗತಿಯು ಒಂದೇ: ಮಾರ್ಚ್ ೨೫ರಂದು, ಗಾಳಿಯು ಹೆಚ್ಚುತ್ತಿದ್ದಾಗ, ನೌಕೆಯು ಗೋಲ್ಡನ್ ಗೇಟನ್ನು ದಾಟಿತು ಎಂಬುದು. ಹುಡುಕಿದವರು ಈ ದೃಷ್ಟಸ್ಥಾನವನ್ನು ಬಿಟ್ಟು ಸೇರಬೇಕಾದ ಸ್ಥಾನದಲ್ಲಿ ಹುಡುಕಿದರು.

ಇದರಿಂದ ಆ ಕಾಲದ ಅಧಿಕಾರಿಗಳನ್ನು ನಿಂದಿಸುವುದು ನ್ಯಾಯವಲ್ಲ. ಬದುಕಿರುವವರನ್ನು ರಕ್ಷಿಸುವುದು ಅವರ ಉದ್ದೇಶವಾಗಿದ್ದಿತು. ಯಂತ್ರವು ಕೆಟ್ಟು ನೌಕೆಯು ಹವಾಯಿಯ ಆಸುಪಾಸಿನಲ್ಲಿ ತೇಲುತ್ತಿದ್ದರೆ ಅಲ್ಲಿಯೇ ಹುಡುಕಬೇಕಾಗಿದ್ದಿತು. ಅಲ್ಲದೆ ಸ್ಯಾನ್ ಫ್ರಾನ್ಸಿಸ್ಕೋವಿನ ಹೊರಗೆ ಹುಡುಕಿದ್ದರೂ ಅವರಿಗೆ ಅದು ಕಾಣುತ್ತಿರಲಿಲ್ಲ. ಸೀಸದ ಗುಂಡನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು ಆಳವನ್ನಳೆಯುತ್ತಿದ್ದ ಆ ದಿನಗಳಲ್ಲಿ, ನೀರಿನ ತಳದಲ್ಲಿ ಬಿದ್ದಿರುವ ಹಡಗನ್ನು ಹುಡುಕುವ ಸಾಧನವು ಅವರಲ್ಲಿರಲಿಲ್ಲ. ದೋಷದ ಫಲವನ್ನು ಅನುಭವಿಸಿದವರು ಸತ್ತವರಲ್ಲ, ಬದುಕಿದ್ದವರು. ಐವತ್ತಾರು ಮನೆಗಳ ತಾಯಿತಂದೆಗಳೂ ಹೆಂಡಿರುಮಕ್ಕಳೂ ತಮ್ಮವರು ಹವಾಯಿಯ ಸಮೀಪದಲ್ಲಿ ಮುಳುಗಿದರೋ, ಮೆಕ್ಸಿಕೋವಿನ ಯಾವುದೋ ನಿರ್ಜನದ್ವೀಪದಲ್ಲಿ ಜೀವಿಸಿರುವರೋ ಎಂದು ಚಿಂತಿಸುತ್ತ ಉಳಿದರು. ತಿಂಗಳುಗಟ್ಟಲೆ ಪತ್ರಿಕೆಗಳು ಬಗೆಬಗೆಯ ಊಹೆಗಳನ್ನು ಪ್ರಕಟಿಸಿ ಆ ಚಿಂತೆಯನ್ನು ಬೆಳೆಸಿದವು.

ದೇಶಾಂತರಕ್ಕೆ ಹೋದವನ ಸುದ್ದಿಯೇ ಇಲ್ಲದಿದ್ದರೆ ಹನ್ನೆರಡು ವರ್ಷಗಳವರೆಗೆ ಕಾದು, ತರುವಾಯ ದರ್ಭೆಯಿಂದಲೋ ಮುತ್ತುಗದ ಎಲೆಗಳಿಂದಲೋ ಪ್ರತಿಕೃತಿಯನ್ನು ಮಾಡಿ ಸಂಸ್ಕಾರವನ್ನು ನಡೆಸಬೇಕೆಂದು ಈ ದೇಶದ ಧರ್ಮಶಾಸ್ತ್ರಕಾರರು ವಿಧಿಸಿರುವರು. ನಿಯತವಾದ ಒಂದು ಕಾಲದ ಮೇಲೆ ಸಂದೇಹಕ್ಕೆ ಕೊನೆಯನ್ನು ಕಾಣಿಸದಿದ್ದರೆ ಮನೆಯವರ ಬಾಳು ಮುಂದೆ ಸಾಗದೆಂಬುದನ್ನು ಅವರು ಬಲ್ಲವರಾಗಿದ್ದರು. ಕಾನೆಸ್ಟೋಗದ ವಿಷಯದಲ್ಲಿ ನೌಕಾದಳದವರ ಘೋಷಣೆಯು ಮೂರೇ ತಿಂಗಳಿಗೆ ಬಂದಿತು. ಅದು ಲೆಕ್ಕವನ್ನು ಮುಗಿಸಿತು, ಸಂದೇಹವನ್ನು ಮುಗಿಸಲಿಲ್ಲ. ಆ ವಿಧವೆಯರು ಕಾಲವಶರಾದರು. ಅವರ ಮಕ್ಕಳು ವೃದ್ಧರಾದರು. ಮೊಮ್ಮಕ್ಕಳಿಗೆ ಆ ಹಡಗಿನ ಹೆಸರು ಮನೆಯ ಹಿರಿಯರ ಮಾತಿನಲ್ಲಿ ಮಾತ್ರ ಉಳಿಯಿತು.

ಸ್ಯಾನ್ ಫ್ರಾನ್ಸಿಸ್ಕೋವಿನಿಂದ ಪಶ್ಚಿಮಕ್ಕೆ ಸುಮಾರು ೩೦ ಮೈಲಿ ದೂರದಲ್ಲಿ ಫ್ಯಾರಲೋನ್ ಎಂಬ ಬಂಡೆಗಲ್ಲಿನ ದ್ವೀಪಗಳಿವೆ. ಚೂಪಾಗಿ ಎದ್ದುನಿಂತಿರುವ ಅವುಗಳ ಶಿಖರಗಳನ್ನು ಕಂಡು ನಾವಿಕರು ದೆವ್ವದ ಹಲ್ಲುಗಳೆಂದು ಹೆಸರಿಟ್ಟಿದ್ದರು. ೨೦೦೯ರಲ್ಲಿ ಅಮೆರಿಕದ ರಾಷ್ಟ್ರೀಯ ಸಾಗರ ಮತ್ತು ವಾಯುಮಂಡಲ ಸಂಸ್ಥೆಯವರು ಆ ಪ್ರದೇಶದ ತಳವನ್ನು ಅಳತೆಮಾಡುತ್ತಿದ್ದರು. ನಾವೆಯಿಂದ ಧ್ವನಿತರಂಗಗಳನ್ನು ಕೆಳಕ್ಕೆ ಕಳುಹಿಸಿ, ಅವು ತಳವನ್ನು ತಾಗಿ ಮರಳುವ ಕಾಲವನ್ನು ಗಣಿಸಿ, ಆ ಗಣನೆಯಿಂದ ತಳದ ಚಿತ್ರವನ್ನು ರಚಿಸುವುದು ಈ ಕಾಲದ ಕ್ರಮ. ಆ ಚಿತ್ರದಲ್ಲಿ ಆಗ್ನೇಯ ಫ್ಯಾರಲೋನ್ ದ್ವೀಪದಿಂದ ಮೂರು ಮೈಲಿ ದೂರದಲ್ಲಿ, ೧೮೯ ಅಡಿ ಆಳದಲ್ಲಿ, ಹಡಗಿನಂತಹ ಒಂದು ಆಕೃತಿಯು ಕಂಡುಬಂದಿತು. ಯಾವ ಹಡಗೆಂಬುದು ಯಾರಿಗೂ ತಿಳಿಯಲಿಲ್ಲ; ಅಲ್ಲಿ ಆ ಗಾತ್ರದ ಹಡಗು ಮುಳುಗಿತೆಂದು ಯಾವ ಕಾಗದದಲ್ಲಿಯೂ ಬರೆದಿರಲಿಲ್ಲ.

೨೦೧೪ನೆಯ ಸೆಪ್ಟೆಂಬರಿನಲ್ಲಿ ಜೇಮ್ಸ್ ಡೆಲ್ಗಾಡೋ, ರಾಬರ್ಟ್ ಶ್ವೆಮ್ಮರ್ ಮೊದಲಾದ ವಿದ್ವಾಂಸರು ಆ ಕೊಲ್ಲಿಯ ಹೊರಗೆ ಮುಳುಗಿದ ಹಡಗುಗಳ ಅನ್ವೇಷಣೆಯನ್ನು ಕೈಕೊಂಡು, ದೂರದಿಂದ ನಡೆಸತಕ್ಕ ಯಂತ್ರವನ್ನು ನೀರಿಗಿಳಿಸಿ ಈ ಆಕೃತಿಯನ್ನು ನೋಡಿದರು. ಉಕ್ಕಿನ ಶರೀರ, ಹಗ್ಗವನ್ನೆಳೆಯುವ ಯಂತ್ರ, ಒಂದೇ ಚಾಲಕಚಕ್ರ, ಇವುಗಳಿಂದ ಅದು ಸಾಗರದ ಟಗ್ಗೆಂಬುದು ವ್ಯಕ್ತವಾಯಿತು. ಅದರ ಅಳತೆಗಳನ್ನು ಹಳೆಯ ದಾಖಲೆಗಳೊಡನೆ ಹೋಲಿಸಿದಾಗ ಕಾನೆಸ್ಟೋಗವೆಂಬ ಹೆಸರು ಮುಂದೆ ಬಂದಿತು. ಆದರೆ ಹೋಲಿಕೆಯು ನಿರ್ಣಯವಲ್ಲ. ೨೦೧೫ನೆಯ ಅಕ್ಟೋಬರಿನಲ್ಲಿ ನೌಕಾದಳದವರೊಡನೆ ಮತ್ತೆ ಹೋಗಿ ಸೂಕ್ಷ್ಮವಾಗಿ ಪರೀಕ್ಷಿಸಿದಾಗ ಮೂರಂಗುಲದ ಬಾಯಿಯುಳ್ಳ ತೋಪೊಂದು ಕಂಡಿತು. ಸ್ಯಾನ್ ಡಿಯೇಗೋದ ಛಾಯಾಚಿತ್ರದಲ್ಲಿದ್ದ ಏಕೈಕ ತೋಪು ಅದೇ. ಕಂಪೆನಿಯ ಟಗ್ಗಿಗೆ ತೋಪಿರುವುದಿಲ್ಲ. ಆಕೃತಿ, ಅಳತೆ, ತೋಪು ಈ ಮೂರೂ ಒಂದುಗೂಡಿದಾಗ ಸಂದೇಹಕ್ಕೆ ಎಡೆಯುಳಿಯಲಿಲ್ಲ. ೨೦೧೬ನೆಯ ಮಾರ್ಚ್ ೨೩ರಂದು, ಹಡಗು ಹೊರಟು ತೊಂಬತ್ತೈದು ವರ್ಷಗಳು ತುಂಬುವುದಕ್ಕೆ ಎರಡೇ ದಿನಗಳಿರುವಾಗ, ಸರ್ಕಾರದವರು ಈ ಸಂಗತಿಯನ್ನು ಲೋಕಕ್ಕೆ ಪ್ರಕಟಿಸಿದರು.

ಸ್ಥಳವು ತಿಳಿದ ಮೇಲೆ ಕಡೆಯ ಗಳಿಗೆಗಳ ಸ್ವರೂಪವನ್ನು ಅನುಮಾನದಿಂದ ತಿಳಿಯುವುದು ಸಾಧ್ಯವಾಯಿತು. ನೌಕೆಯು ಬಿದ್ದಿರುವ ಸ್ಥಾನವನ್ನೂ ಅದು ಮುಖಮಾಡಿರುವ ದಿಕ್ಕನ್ನೂ ನೋಡಿದರೆ, ನಾವಿಕರು ಆಗ್ನೇಯ ಫ್ಯಾರಲೋನ್ ದ್ವೀಪದ ಮರೆಯಾದ ಒಂದು ಸಣ್ಣ ಕೊಲ್ಲಿಯನ್ನು ಸೇರಲು ಪ್ರಯತ್ನಿಸುತ್ತಿದ್ದಾಗ ಹಡಗು ಮುಳುಗಿತೆಂದು ವಿದ್ವಾಂಸರು ಭಾವಿಸಿರುವರು. ೧೮೫೮ರಿಂದ ೧೯೦೭ರವರೆಗೆ ಅದೇ ಜಾಗದಲ್ಲಿ ಐದು ಹಡಗುಗಳು ಒಡೆದುಹೋಗಿದ್ದವು. ಅಷ್ಟು ಅಪಾಯಕರವಾದ ಸ್ಥಾನವನ್ನು ಆಶ್ರಯಿಸಲು ಹೊರಟರೆಂದಮೇಲೆ, ಹಡಗಿನೊಳಕ್ಕೆ ನೀರು ತುಂಬುತ್ತಿದ್ದು ಬೇರೆ ದಾರಿಯಿರಲಿಲ್ಲವೆಂದು ಊಹಿಸಬೇಕಾಗುತ್ತದೆ. ಮೂರು ಮೈಲಿ ಮಾತ್ರ ಉಳಿದಿದ್ದಿತು. ಹವಾಯಿಗೆ ಎರಡು ಸಾವಿರ ಮೈಲಿಗೂ ಮಿಗಿಲಾದ ಪ್ರಯಾಣದಲ್ಲಿ ಅವರು ಕ್ರಮಿಸಿದ್ದುದು ನೂರರಲ್ಲಿ ಎರಡು ಪಾಲೂ ಅಲ್ಲ.

ಮೆಕ್ಸಿಕೋವಿನ ಕಡೆ ಕಂಡ ದೋಣಿಯ ಸಮಸ್ಯೆಗೂ ಇದರಿಂದ ಒಂದು ಸಮಾಧಾನವು ದೊರೆಯುತ್ತದೆ. ಕ್ಯಾಲಿಫೋರ್ನಿಯದ ತೀರವನ್ನನುಸರಿಸಿ ಸಮುದ್ರದಲ್ಲಿ ಒಂದು ಪ್ರವಾಹವು ದಕ್ಷಿಣಕ್ಕೆ ಹರಿಯುತ್ತದೆ. ಆ ದೋಣಿಯು ಕಾನೆಸ್ಟೋಗದ್ದೇ ಆಗಿದ್ದಲ್ಲಿ, ಅದು ಗಾಳಿಯಿಂದಲೂ ಪ್ರವಾಹದಿಂದಲೂ ತಳ್ಳಲ್ಪಟ್ಟು ಐವತ್ತಕ್ಕೂ ಹೆಚ್ಚು ದಿನಗಳಲ್ಲಿ ಸಾವಿರ ಮೈಲಿಗೂ ಹೆಚ್ಚು ದೂರ ತೇಲಿಹೋಗಿದ್ದಿರಬೇಕು. ಸಾಕ್ಷಿಯು ಸತ್ಯವಾಗಿಯೇ ಇದ್ದಿರಬಹುದು; ಆದರೆ ಅದು ತಾನು ಬಂದ ದಾರಿಯನ್ನು ಹೇಳಲಾರದ ಸಾಕ್ಷಿ. ದೋಣಿಯು ಸಿಕ್ಕಿದ ಜಾಗವನ್ನೇ ಹಡಗು ಕೆಟ್ಟ ಜಾಗವೆಂದು ಎಣಿಸಿದುದರಿಂದ ಹುಡುಕುವವರು ನಿಜವಾದ ಸ್ಥಳದಿಂದ ಮತ್ತಷ್ಟು ದೂರಕ್ಕೆ ಹೋದರು.

ಈಗ ಕಾನೆಸ್ಟೋಗದ ಮರದ ಅಟ್ಟವೂ ಮೇಲಿನ ಕಟ್ಟಡವೂ ಕುಸಿದು ಒಳಕ್ಕೆ ಬಿದ್ದಿವೆ. ಉಕ್ಕಿನ ಶರೀರವು ಮಾತ್ರ ಬಹುಮಟ್ಟಿಗೆ ಅಖಂಡವಾಗಿದ್ದು, ಅದರ ಮೇಲೆ ಹೂವಿನಂತಹ ಬಿಳಿಯ ಜಲಜೀವಿಗಳು ದಟ್ಟವಾಗಿ ಬೆಳೆದಿರುವುವು. ಮೀನುಗಳ ಹಿಂಡು ಸುತ್ತಲೂ ಸಂಚರಿಸುತ್ತದೆ. ೨೦೦೪ರಲ್ಲಿ ಅಮೆರಿಕದ ಶಾಸನಸಭೆಯು ಮಾಡಿದ ಕಾನೂನಿನಂತೆ ಮುಳುಗಿದ ಸೈನಿಕನೌಕೆಗಳನ್ನು ಅನುಮತಿಯಿಲ್ಲದೆ ಯಾರೂ ಕದಲಿಸಕೂಡದು. ಆ ಕಾನೂನಿನ ರಕ್ಷಣೆಯು ಕಾನೆಸ್ಟೋಗಕ್ಕೂ ಉಂಟು. ಕಂಪೆನಿಯ ಟಗ್ಗಾಗಿಯೇ ಉಳಿದಿದ್ದರೆ ಈ ರಕ್ಷಣೆಯು ಅದಕ್ಕೆ ದೊರೆಯುತ್ತಿರಲಿಲ್ಲ.

ಹದಿಮೂರು ವರ್ಷ ಕಲ್ಲಿದ್ದಲನ್ನು ಎಳೆದು, ಎರಡು ವರ್ಷ ಯುದ್ಧದ ನೀರಿನಲ್ಲಿ ಇತರರನ್ನು ದಡಸೇರಿಸಿ, ಕಡೆಗೆ ತನ್ನನ್ನು ಎಳೆದುತರುವವರಿಲ್ಲದೆ ಮುಳುಗಿದ ಈ ನೌಕೆಯ ಚರಿತ್ರೆಯಲ್ಲಿ ವಿಜಯಗಳಿಲ್ಲ. ಆದರೂ ಐವತ್ತಾರು ಮಂದಿಯ ವಂಶಜರಿಗೆ ಅದರ ಶೋಧನೆಯು ಒಂದು ಲಾಭವನ್ನು ತಂದುಕೊಟ್ಟಿತು. ಅವರ ಹಿರಿಯರು ಹವಾಯಿಯಲ್ಲಿಯೂ ಇಲ್ಲ, ಮೆಕ್ಸಿಕೋವಿನಲ್ಲಿಯೂ ಇಲ್ಲ; ಗೋಲ್ಡನ್ ಗೇಟಿನಿಂದ ಒಂದು ದಿನದ ದಾರಿಯೂ ಅಲ್ಲದ ಜಾಗದಲ್ಲಿ, ಹಡಗನ್ನು ಉಳಿಸಲು ಯತ್ನಿಸುತ್ತಲೇ ಮಡಿದರು ಎಂದು ಅವರು ಈಗ ಹೇಳಬಲ್ಲರು. ಹೂವನ್ನು ಹಾಕಬೇಕೆಂದಿರುವವರಿಗೆ ಯಾವ ನೀರಿಗೆ ಹಾಕಬೇಕೆಂಬುದು ತಿಳಿದಿದೆ.